ಸಮಸ್ಯೆ: ‘ಮಳೆಯೊಳಗೊಣಗಿದ ಗುಡಾರದೊಳೆ ತಾಂ ನೆನೆದಂ’

ಪೃಚ್ಛಕ: ನಾಲ್ಕು ಪಾದದ ಕಂದಪದ್ಯದ ಕೊನೆಯ ಪಾದ ಮೇಲಿದೆ, ಮೊದಲ ಮೂರನ್ನು ನೀವು ತುಂಬಿ. ವಸ್ತು: ಸೈಕಲ್ ತಂಡದ ದೂರಯಾನ, ಗಾಳಿಮಳೆಯ ದಿನ, ರಾತ್ರಿ ಗುಡಾರ. ಪೆಡಲು ತುಳಿಯದವರೂ ಬರಬಹುದು, ಆದರೆ ವಸ್ತು ತಪ್ಪಿದರೆ ಸುಮ್ಮನೆ ಬಿಡುವುದಿಲ್ಲ.

ಅಳ್ಳಕ:
ಕೆಳಹಾಸು ಹೊರಗೆ ಚಾಚಲು
ತಳದಡಿ ನುಗ್ಗಿತು ಜಲೌಘಮಿರುಳೊಳ್ ಭರದಿಂ
ಬಳಲಿದ ಸವಾರನೊರಗಿರೆ
ಮಳೆಯೊಳಗೊಣಗಿದ ಗುಡಾರದೊಳೆ ತಾಂ ನೆನೆದಂ

ಹಾಸು ಮೇಲ್ಹೊದಿಕೆಯಿಂದ ನಾಲ್ಕು ಬೆರಳು ಹೊರಗಿದ್ದರೂ ಸಾಕು. ಹೊದಿಕೆಯಿಂದ ಇಳಿದ ನೀರು ಅದರ ಮೇಲೆ ಬಿದ್ದು ನೇರ ಬೆನ್ನಡಿಗೆ ಬರುತ್ತದೆ. ಅಂಚನ್ನು ಒಳಕ್ಕೆ ಮಡಚಬೇಕು, ಗುಡಾರದ ತಳಕ್ಕಿಂತ ಒಂದು ಗೇಣು ಚಿಕ್ಕದಾಗಿ.

ಗುರುಲಘು: ಸೊಗಸು.

ಹೊಸಬ: ನನ್ನ ಮೊದಲ ಪಾದ: ‘ಗಾಳಿಯ ಬಿರುಬಿಗೆ ಬಾಗಿದ’. ಸರಿಯೇ?

ಗುರುಲಘು: ಸಮಸ್ಯೆಯ ‘ಮ’ ಹ್ರಸ್ವ, ಅದು ಸಿಂಹಪ್ರಾಸ; ನಿಮ್ಮ ‘ಗಾ’ ದೀರ್ಘ, ಅದು ಗಜಪ್ರಾಸ. ಸಿಂಹದ ಗುಹೆಗೆ ಗಜ ನುಗ್ಗಿದೆ. ಮುಂದೆ.

ಚಕ್ರಪಾಣಿ:
ಸುಳಿಗಾಳಿಗೊಡ್ಡಿ ಬೆವರಂ
ಕಳೆದಂ ಸೈಕಲ್ ಸವಾರನಿರುಳೊಳ್ ಮತ್ತಂ
ಬೆಳಕಿಂಡಿ ಮುಚ್ಚಲುಸಿರಿಂ
ಮಳೆಯೊಳಗೊಣಗಿದ ಗುಡಾರದೊಳೆ ತಾಂ ನೆನೆದಂ

‘ಒಣಗಿದ’ ಇಲ್ಲಿ ಕ್ರಿಯಾಪದ: ಮಳೆಯೊಳಗೆ ಸವಾರ ಒಣಗಿದ. ತುಂತುರಿನಲ್ಲಿ ಜಾಕೆಟ್ಟಿನ ಕಂಕುಳ ಜಿಪ್ ತೆರೆದು ತುಳಿದರೆ ಮೈಯ ಬಿಸಿಯೂ ಗಾಳಿಯೂ ಸೇರಿ ಒಳ ಅಂಗಿಯನ್ನು ಆರಿಸುತ್ತವೆ. ರಾತ್ರಿ ಎರಚಲಿಗೆ ಹೆದರಿ ಕಿಂಡಿಗಳನ್ನೆಲ್ಲ ಮುಚ್ಚಿದರೆ ಉಸಿರಿನ ಹಬೆ ತಣ್ಣನೆಯ ಹೊದಿಕೆಗೆ ತಗುಲಿ ಹನಿಗಟ್ಟುತ್ತದೆ. ಜನ ಅದನ್ನು ಸೋರಿಕೆಯೆಂದು ತಿಳಿದು ಹೊಲಿಗೆಗೆ ಅಂಟು ಬಳಿಯುತ್ತಾರೆ!

ಗುರುಲಘು: ‘ಮತ್ತಂ’ ಪಾದ ತುಂಬಲು ಬಂದ ಕೂಲಿ, ಇರಲಿ. ‘ಬೆಳಕಿಂಡಿ’ಗೆ ಮಾತ್ರ ಕ್ಷಮೆಯಿಲ್ಲ. ಪ್ರಾಸಕ್ಕೆ ಪ್ರತಿ ಪಾದದ ಎರಡನೆಯ ವ್ಯಂಜನ ಒಂದೇ ಇರಬೇಕು. ಮೞೆ, ಸುೞಿ ಎರಡೂ ಹಳಗನ್ನಡದ ೞಕಾರ. ನಡುವೆ ಬೆಳಕಿನ ಳಕಾರ ಎಲ್ಲಿಂದ ಬಂತು ಸ್ವಾಮಿ?

ಚಕ್ರಪಾಣಿ: ಅಳ್ಳಕರ ‘ತಳ’ಕ್ಕೆ ‘ಸೊಗಸು’, ನನ್ನ ಬೆಳಕಿಗೆ ಗ್ರಹಣ. ತಮ್ಮ ತಕ್ಕಡಿ ಹೋದ ಸಲವೂ ಹೀಗೇ ಒಂದು ಕಡೆಗೆ ವಾಲಿತ್ತು.

ಗುರುಲಘು: ‘ತಳ’ವೂ ತಪ್ಪೇ, ನನ್ನ ಕಣ್ಣು ತಪ್ಪಿತು. ಅಳ್ಳಕರು ತಿದ್ದಿಕೊಳ್ಳಲಿ. ನೀವೂ ತಿದ್ದಿ.

ಅಳ್ಳಕ: ಸಮಸ್ಯೆಯನ್ನೇ ಳಕಾರದಲ್ಲಿ ಕೊಟ್ಟಿದ್ದಾರೆ. ನಾನು ತಿದ್ದುವುದಿಲ್ಲ.

ಚಕ್ರಪಾಣಿ: ನಾನು ತಿದ್ದುತ್ತೇನೆ, ಬಾಯಿ ಮುಚ್ಚಿಸಲಿಕ್ಕಾದರೂ: ‘ಕೆೞಗಂಡಿ ಮುಚ್ಚಲುಸಿರಿಂ’. ಆಯಿತೇ?

ಷಟ್ಪದ: ಪ್ರಾಸ ಉಳಿಯಿತು, ಗುಡಾರ ಕೆಟ್ಟಿತು. ಬೆಚ್ಚನೆಯ ಹಬೆ ಮೇಲಕ್ಕೇರುತ್ತದೆ. ನೆತ್ತಿಯ ಕಿಂಡಿ ತೆರೆದಿದ್ದರೆ ಕೆಳಗೆ ಮುಚ್ಚಿದ ಮಾತ್ರಕ್ಕೆ ನೆನೆಯುವುದೇಕೆ?

ಚಕ್ರಪಾಣಿ: ಕೆಳಗಿನಿಂದ ಗಾಳಿ ಬಾರದೆ ಮೇಲಿನಿಂದ ಹೋಗುವುದೇನು? ಒಂದೇ ತೂತಿನ ಡಬ್ಬಿಯಿಂದ ಎಣ್ಣೆ ಸುರಿದು ನೋಡಿ, ಗೊಳಕ್ ಗೊಳಕ್ ಎನ್ನುತ್ತದೆ. ಗಾಳಿ ಬೀಸುವ ಕಡೆಗೆ ಗುಡಾರದ ಕಿರಿದಾದ ತುದಿ, ಬಾಗಿಲು ಗಾಳಿಮರೆಗೆ, ಮರೆಯ ಪಕ್ಕದ ಹೊದಿಕೆ ನೆಲದಿಂದ ಒಂದು ಗೇಣು ಮೇಲೆ, ನೆತ್ತಿಯ ಕಿಂಡಿ ತೆರೆದೇ ಇರಬೇಕು. ಎರಡೂ ಬೇಕು.

ಷಟ್ಪದ: ಎರಡೂ ಬೇಕಾದರೆ ಪದ್ಯದಲ್ಲಿ ಒಂದೇ ಏಕೆ?

ಚಕ್ರಪಾಣಿ: ಹನ್ನೆರಡು ಮಾತ್ರೆಯಲ್ಲಿ ಇನ್ನೆಷ್ಟು ಕಿಂಡಿ ಕೊರೆಯಲಿ!

ಹೊಸಬ: ನಡುವೆ ಬಾಯಿ ಹಾಕುತ್ತೇನೆ. ಅಡ್ಡಗಾಳಿಯಲ್ಲಿ ತಂಡ ಹೇಗೆ ಸಾಗಬೇಕು? ಅದರ ಮೇಲೆ ಇನ್ನೊಂದು ಪದ್ಯ ಕಟ್ಟುವ ಆಸೆ.

ಷಟ್ಪದ: ಗಾಳಿ ಬಲದಿಂದ ಬಂದರೆ ಹಿಂದಿನವನಿಗೆ ಮುಂದಿನವನ ಎಡಹಿಂದೆ ಮರೆ. ಆದರೆ ಆ ಓರೆಸಾಲು ರಸ್ತೆ ಖಾಲಿ ಇದ್ದಾಗ ಮಾತ್ರ. ವಾಹನ ಬಂದರೆ ಒಂದೇ ಸಾಲು. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ಒತ್ತಿದಾಗ ಮೊದಲ ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಹಾಗಾಗಿ ಅಂತರ ಹೆಚ್ಚಿರಲಿ. ಹಿಂದಿನ ಮಡ್‌ಗಾರ್ಡಿಗೆ ಎರಚಲು ತಡೆಯುವ ಉದ್ದ ನಾಲಗೆ (ಜೋಲುಪಟ್ಟಿ) ಇಲ್ಲದವನು ಸಾಲಿನ ಕೊನೆಗೆ. ಪದ್ಯ ಕಟ್ಟುವಾಗ ಆನೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಗುರುಲಘು: ಇನ್ನೂ ದೊಡ್ಡ ತಪ್ಪನ್ನು ಯಾರೂ ಎತ್ತಲಿಲ್ಲ. ‘-ದಂ’ ಎಂದು ಹಳಗನ್ನಡಕ್ಕೆ ಇಳಿದ ಮೇಲೆ ತೊಯ್ದವನು ‘ನನೆದಂ’. ‘ನೆನೆದಂ’ ಎಂದರೆ ಸ್ಮರಿಸಿದ. ಸಮಸ್ಯೆ ಕೊಟ್ಟವರೇ ಜಾರಿದ್ದಾರೆ.

ಪೃಚ್ಛಕ: ಜಾರಿಲ್ಲ, ಜಾರಲೆಂದು ಎಣ್ಣೆ ಹಚ್ಚಿಟ್ಟದ್ದು. ಕೀಲಿ ಅಲ್ಲೇ ಇದೆ.

ಷಟ್ಪದ: ಹಾಗಿದ್ದರೆ ತೆಗೆದುಕೊಳ್ಳಿ. ಅಕ್ಷರ ಒಂದೂ ಬದಲಾಗಿಲ್ಲ, ಬಿಡಿಸಿದ್ದಷ್ಟೇ:

ಗಳಿಲನೆ ಚೀಲದ ಬಾಯಂ
ಸುಳಿವೊಲ್ ಸುತ್ತದೆ ಬಿಡಾರಕೈದಿದ ತಪ್ಪಂ
ಕಳವಳಗೊಳುತುಂ ನಿಶೆಯೊಳ್
ಮಳೆಯೊಳ ಗೊಣಗಿದ ಗುಡಾರದೊಳೆ ತಾಂ ನೆನೆದಂ

ಚಕ್ರದ ಪಕ್ಕಕ್ಕೆ ತೂಗುಹಾಕುವ ಪ್ಯಾನಿಯರ್ ಚೀಲದ ಬಾಯನ್ನು ಒಳಗಿನ ಗಾಳಿ ಹಿಂಡಿ ಮೂರು ಸುತ್ತು ಸುರುಳಿ ಸುತ್ತಿ ಕೊಂಡಿ ಹಾಕಬೇಕು. ಒಂದೇ ಸುತ್ತಿಗೆ ಬಿಟ್ಟರೆ ಚಕ್ರದ ಎರಚಲು ಒಳಗೆ ಬರುತ್ತದೆ, ಮಲಗುಚೀಲ ಹಿಂಡಿದರೆ ನೀರು. ಆ ತಪ್ಪನ್ನು ಆತ ನೆನೆದ. ಪಟಪಟ ಗೊಣಗಿದ್ದು ಗುಡಾರ.

ಪೃಚ್ಛಕ: ಭಲೆ!

ಅಳ್ಳಕ: ಒಪ್ಪಿದೆ.

ಗುರುಲಘು: ‘ಮಳೆಯೊಳ’ ಯಾವ ವಿಭಕ್ತಿ?

ಚಕ್ರಪಾಣಿ: ಗುಡಾರ ಗೊಣಗಿದರೆ ದಾರ ಸಡಿಲವೆಂದು ಅರ್ಥ. ನೈಲಾನ್ ನೆಂದರೆ ಹಿಗ್ಗಿ ಜೋಲುತ್ತದೆ, ಮಲಗುವ ಮೊದಲು ಇನ್ನೊಮ್ಮೆ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಷಟ್ಪದರ ನಾಯಕ ಎರಡು ತಪ್ಪು ಮಾಡಿ ಒಂದನ್ನೇ ನೆನೆದಿದ್ದಾನೆ.

ಷಟ್ಪದ: ಇನ್ನೊಂದನ್ನು ನೆನೆಯಲು ನೀವಿದ್ದೀರಲ್ಲ.

ಗುರುಲಘು: ವಿಭಕ್ತಿ ಕೇಳಿದ್ದೆ.