ಹೊಲಿಗೆ ಯಂತ್ರ: ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕಾಗುವುದೇಕೆ?

ಪ್ರಶ್ನೆ: ಮನೆಯ ಹೊಲಿಗೆ ಯಂತ್ರಕ್ಕೆ ದಾರ ಪೋಣಿಸಿ ಹೊಲಿಯತೊಡಗಿದ ಕೂಡಲೇ ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕುಗಟ್ಟುತ್ತದೆ, ಬಾಬಿನ್ (ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ) ಬದಲಿಸಿದರೂ ಸರಿಹೋಗಿಲ್ಲ. ದಯವಿಟ್ಟು ಕಾರಣ ತಿಳಿಸುವಿರಾ?

ಉತ್ತರ 1: ಸಿಕ್ಕು ಕೆಳಗೆ ಕಾಣಿಸಿದರೂ ದೋಷ ಹೆಚ್ಚಾಗಿ ಮೇಲಿನ ದಾರದಲ್ಲೇ ಇರುತ್ತದೆ. ಬಟ್ಟೆ ಒತ್ತುವ ಪಾದವನ್ನು ಇಳಿಸಿಟ್ಟು ದಾರ ಹಾಕಿದರೆ, ಟೆನ್ಷನ್ ಬಿಲ್ಲೆಗಳು (ಮೇಲಿನ ದಾರವನ್ನು ಬಿಗಿಹಿಡಿಯುವ ಬಿಲ್ಲೆಗಳು) ಬಿಗಿಯಾಗಿ ಮುಚ್ಚಿಕೊಂಡಿರುವುದರಿಂದ ದಾರ ಅವುಗಳ ನಡುವೆ ಕೂರದೆ ಸಡಿಲವಾಗಿ ಕೆಳಕ್ಕೆ ಹೋಗಿ ಸುತ್ತಿಕೊಳ್ಳುತ್ತದೆ. ಆದ್ದರಿಂದ ಪಾದವನ್ನು ಎತ್ತಿ, ದಾರವನ್ನು ಬಿಲ್ಲೆಗಳ ನಡುವೆ ಹಾಯಿಸಿ, ಮೇಲೆ ಕೆಳಗೆ ಆಡುವ ಸನ್ನೆಕೋಲಿನ ರಂಧ್ರದಲ್ಲಿ ತೂರಿಸಿ, ಆಮೇಲೆ ಸೂಜಿಗೆ ಪೋಣಿಸಿರಿ.

ಉತ್ತರ 2: ಇದನ್ನೂ ಗಮನಿಸಿ: ಸೂಜಿಯ ಉದ್ದನೆಯ ಗೀರು ಯಾವ ಬದಿಗಿದೆಯೋ ಆ ಬದಿಯಿಂದಲೇ ದಾರ ಕಣ್ಣನ್ನು ಹೊಗಬೇಕು.

ಪ್ರಶ್ನೆ ಕೇಳಿದವರು: ಪಾದವನ್ನು ಎತ್ತಿ ಪೋಣಿಸಿದ ಮೇಲೆ ಹೊಲಿಗೆ ಸಮವಾಗಿ ಬರುತ್ತಿದೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.