ದವಾಖಾನಿಯಿಂದ ಬಂದ ಮ್ಯಾಲ ಅಪ್ಪನ ಶುಗರ್ ಸಂಜಿಗೇ ಯಾಕ ಏರ್ತದ?

ಕೇಳಿದವರು, ಸೇಡಂ ರಸ್ತೆ, ಕಲಬುರಗಿ:
ನಮ್ಮಪ್ಪಗ 66 ವರ್ಷ. ದಮ್ಮು ಜಾಸ್ತಿ ಆಗಿ 8 ದಿನ ದವಾಖಾನ್ಯಾಗ ಇದ್ರು. ಮೊದ್ಲು ಒಂದೇ ಗುಳಿಗಿ ಮ್ಯಾಲ ಶುಗರ್ ಹತೋಟ್ಯಾಗಿತ್ತು. ಈಗ ಮುಂಜಾನಿ ಖಾಲಿ ಹೊಟ್ಟಿಲೆ 128, ಸಂಜಿ 5ಕ್ಕ 310. ಇನ್ಸುಲಿನ್ ಬರ್ದಾರ. ಅವ್ವ ಅಂಜಿ ಅನ್ನ ಬಂದ್ ಮಾಡಿ ಬರೇ ರೊಟ್ಟಿ ಹಾಕ್ಲತ್ತಾಳ. ಅನುಭವ ಇದ್ದೋರು ಹೇಳ್ರಿ.

ಬೀದರ್‌ನಿಂದ:
ಡಿಸ್ಚಾರ್ಜ್ ಚೀಟಿ ತಗದು ನೋಡ್ರಿ, ಪ್ರೆಡ್ನಿಸೋಲೋನ್ ಅಂತ ಅದ ಏನು? ದಮ್ಮಿಗಿ ಕೊಡೋ ಸ್ಟೀರಾಯ್ಡ್ ಅದು. ಮುಂಜಾನಿ ನುಂಗಿದ್ರ ಮಧ್ಯಾಹ್ನದಿಂದ ಶುಗರ್ ಏರ್ತದ, ರಾತ್ರಿ ಕಳದ್ರ ಇಳೀತದ. ನಾವು ಅವ್ವಂದು ಮುಂಜಾನಿ ಅಷ್ಟೇ ನೋಡಿ, ಎಲ್ಲಾ ಬರೋಬ್ಬರ್ ಅದ ಅಂತ ಹತ್ತು ದಿನ ಆರಾಮ್ ಕುಂತಿದ್ದೆವು. ಮಧ್ಯಾಹ್ನದ ಊಟಕ್ಕ ಮೊದ್ಲು, ರಾತ್ರಿ ಊಟಕ್ಕ ಮೊದ್ಲು ನೋಡಿ, ಹೊತ್ತು ಸಮೇತ ಬರದಿಡ್ರಿ. ಡಾಕ್ಟರ್ ಆ ಹಾಳಿ ನೋಡೇ ಡೋಸ್ ಬದಲಿ ಮಾಡಿದ್ರು.

ಖರೇ ಅಂಜಿಕಿ ಬ್ಯಾರೆನೇ ಅದ. ಸ್ಟೀರಾಯ್ಡ್ ಇಳದಂಗ ಇನ್ಸುಲಿನ್ನೂ ಇಳೀಬೇಕು. ನಮಗ ಯಾರೂ ಹೇಳಿರ್ಲಿಲ್ಲ. ಗುಳಿಗಿ 4 ಇದ್ದದ್ದು 2 ಆದ್ವು, ಸೂಜಿ ಮಾತ್ರ ಅಷ್ಟೇ ಚುಚ್ಚಿದೆವು. ನಸುಕಿನ್ಯಾಗ ನೋಡಿದ್ರ ಅವ್ವನ ಕುಬಸ ಬೆವರಿಗಿ ತೊಯ್ದು ಹೋಗ್ಯಾದ, ಕೈ ನಡಗ್ತಾವ, ಮಾತು ತೊದಲ್ತದ. ಮೀಟರ್ 52! ಎಚ್ಚರ ಇತ್ತು, ಹಂಗಾಗಿ 3 ಚಮಚ ಸಕ್ಕರಿ ನೀರಾಗ ಕಲಿಸಿ ಕುಡ್ಸಿದೆವು. 15 ನಿಮಿಷಕ್ಕ 88. ಎಚ್ಚರ ತಪ್ಪಿದ್ರ ಮಾತ್ರ ಬಾಯಾಗ ಏನೂ ಹಾಕಬ್ಯಾಡ್ರಿ, ಸೀದಾ 108ಕ್ಕ ಫೋನ್ ಹಚ್ರಿ. ಹಂಗಂತ ಸ್ಟೀರಾಯ್ಡ್ ನೀವಾಗೇ ಬಿಡಬ್ಯಾಡ್ರಿ, ಇನ್ಸುಲಿನ್ನೂ ಅಂದಾಜಿಲೆ ಏರಿಳಿಸಬ್ಯಾಡ್ರಿ.

ಶಹಾಪುರದಿಂದ:
ಸಿರಿಂಜ್ ನೋಡಿ ತಗೋರಿ. ಇನ್ಸುಲಿನ್ ಬಾಟ್ಲಿ ಮ್ಯಾಲ 40 (ಒಂದು ಎಂಎಲ್‌ನ್ಯಾಗ 40 ಯೂನಿಟ್) ಇದ್ರ ಕೆಂಪು ಟೋಪಿ ಸಿರಿಂಜ್, 100 ಇದ್ರ ಕಿತ್ತಳೆ ಟೋಪಿದು. ನಮ್ಮ ಮಾವ ಒಮ್ಮಿ 100ರ ಔಷಧ 40ರ ಸಿರಿಂಜ್‌ನ್ಯಾಗ ಎಳ್ಕೊಂಡಿದ್ರು. ಎರಡೂವರಿ ಪಟ್ಟು! ಚುಚ್ಚೋಕಿಂತ ಮೊದ್ಲು ನನ್ನ ಕಣ್ಣಿಗಿ ಬಿತ್ತು. ಮತ್ತ ನಮ್ಮ ಕಡಿ ಬಿಸಲು ಗೊತ್ತೇ ಅದ, ಬಾಟ್ಲಿ ಕಿಡಕ್ಯಾಗ ಇಡಬ್ಯಾಡ್ರಿ. ಫ್ರಿಜ್ ಇದ್ರ ಬಾಗಲದಾಗ ಇಡ್ರಿ, ಐಸ್ ಖಾನ್ಯಾಗ ಅಲ್ಲ. ಒಮ್ಮಿ ಹೆಪ್ಪುಗಟ್ಟಿದ್ರ ಚೆಲ್ಲೋದೇ.

ಆಳಂದದಿಂದ:
ಅವ್ವಗ ಹೇಳ್ರಿ, ರೊಟ್ಟಿಗೂ ಲೆಕ್ಕ ಅದ. ಅನ್ನ ಬಿಟ್ಟೀನಿ ಅಂತ ನಾಕು ರೊಟ್ಟಿ ತಿಂದ್ರ ಏನ್ ಬಂತು? ನಮ್ಮನ್ಯಾಗ ಎರಡು ರೊಟ್ಟಿ, ಬಟ್ಟಲ ತುಂಬ ಪುಂಡಿಪಲ್ಯ, ತೊಗರಿ ಬ್ಯಾಳಿ. ಇನ್ನೊಂದು, ಬಳ್ಳು ಚುಚ್ಚೋ ಮೊದ್ಲು ಕೈ ತೊಳೀರಿ. ನಮ್ಮ ಕಾಕಾ ಮಾವಿನಹಣ್ಣು ಹೆಚ್ಚಿದ ಕೈಲೇ ನೋಡಿದ್ರ 290 ತೋರಿಸ್ತು, ಸಾಬೂನು ಹಚ್ಚಿ ತೊಳ್ದು ನೋಡಿದ್ರ 164.

ಕೇಳಿದವರು:
ಪ್ರೆಡ್ನಿಸೋಲೋನ್ ಅದರಿ! 5 ದಿನಕ್ಕೊಮ್ಮಿ ಕಮ್ಮಿ ಮಾಡ್ರಿ ಅಂತ ಬರ್ದಾರ, ಇನ್ಸುಲಿನ್ ಬಗ್ಗೆ ಒಂದು ಅಕ್ಷರ ಇಲ್ಲ. ಈಗೇ ಡಾಕ್ಟರಿಗಿ ಫೋನ್ ಮಾಡಿದೆ, ನಾಳಿ ಚೀಟಿ, ಮೀಟರ್ ಎರಡೂ ತಗೊಂಡು ಬಾ ಅಂದಾರ. ಬಾಟ್ಲಿ 40, ಟೋಪಿ ಕೆಂಪು, ನೋಡಿದೆ. ಅವ್ವ ಮೂರನೇ ರೊಟ್ಟಿ ಬಡೀಲತ್ತಿದ್ಳು, ತಡದೀನಿ.