ಅಪ್ಪನಿಗೆ ಬಂದದ್ದು ನನಗೂ ಬರುತ್ತಾ? ಹೊಟ್ಟೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಡಿಕೇರಿಯ ಹೊಟ್ಟೆ, ಕರುಳಿನ ಡಾಕ್ಟರ್ ಮೇಡಂ ಇವತ್ತು ರಾತ್ರಿ ಗ್ರೂಪಿನಲ್ಲಿದ್ದಾರೆ. ವಯಸ್ಸು, ತೊಂದರೆ, ಎಷ್ಟು ದಿನದಿಂದ ಅಂತ ಸರಿಯಾಗಿ ಬರೆಯಿರಿ.

ಗೋಣಿಕೊಪ್ಪದ ಸದಸ್ಯ: ನಮಸ್ತೆ ಮೇಡಂ. ಬೆಳಿಗ್ಗೆ ಬರೀ ಹೊಟ್ಟೆಗೆ ಕಾಫಿ ಕುಡಿದರೆ ಎದೆ ಉರಿ. ಕಾಫಿ ಬಿಡಲೇಬೇಕಾ?

ಡಾಕ್ಟರ್: ನಮಸ್ತೆ. ಬಿಡಬೇಕಿಲ್ಲ. ಮೊದಲು ಒಂದು ಅಕ್ಕಿ ರೊಟ್ಟಿ ತಿನ್ನಿ, ಆಮೇಲೆ ಕಾಫಿ. ರಾತ್ರಿ ಊಟ ಆಗಿ 3 ಗಂಟೆ ಕಳೆದ ಮೇಲೆ ಮಲಗಿ. ಅನ್ನ ನುಂಗುವಾಗ ಸಿಕ್ಕಿಕೊಂಡ ಹಾಗಾದರೆ, ತೂಕ ಇಳಿದರೆ ಎಂಡೋಸ್ಕೋಪಿ ಬೇಕು.

ಕುಶಾಲನಗರದ ಸದಸ್ಯೆ: ಮೇಡಂ, ಮಗಳಿಗೆ 7 ವರ್ಷ. ದಿನಾ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆ ನೋವು ಅಂತಾಳೆ.

ನಾಪೋಕ್ಲಿನ ಸದಸ್ಯೆ: ನನಗೆ 34. ಆರು ತಿಂಗಳಿಂದ ಹೊಟ್ಟೆ ಉಬ್ಬರ. ಒಂದು ದಿನ ಭೇದಿ, ಎರಡು ದಿನ ಏನೂ ಇಲ್ಲ. ಆಗಾಗ ರಕ್ತ ಹೋಗುತ್ತೆ. ಮೂಲವ್ಯಾಧಿ ಅಂತ ಮುಲಾಮು ಹಚ್ಚುತ್ತಿದ್ದೇನೆ. ಹೋದ ವಾರ ಗದ್ದೆಯಲ್ಲಿ ನಾಟಿ ಮಾಡುವಾಗ ಏದುಸಿರು ಬಂತು. ಹಿಮೋಗ್ಲೋಬಿನ್ ನೋಡಿಸಿದರೆ 8.9. ಅಪ್ಪ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು, ಗೊತ್ತಾದಾಗ ಅವರಿಗೆ 46. ಅಪ್ಪನ ತಂಗಿಗೆ ಗರ್ಭಕೋಶದ ಕ್ಯಾನ್ಸರ್. ರಾತ್ರಿ ನಿದ್ದೆ ಬರಲ್ಲ ಮೇಡಂ.

ಸುಂಟಿಕೊಪ್ಪದ ಸದಸ್ಯ: ಫಾರ್ವರ್ಡ್ ಬಂದಿದೆ. ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ರಾತ್ರಿ ಕುಡಿದರೆ ಬೆಳಿಗ್ಗೆ ಪಿತ್ತಕೋಶದ ಕಲ್ಲೆಲ್ಲಾ ಹೊರಗೆ. ಎಲ್ಲರಿಗೂ ಉಪಯೋಗ ಆಗಲಿ.

ಡಾಕ್ಟರ್: ನಾಪೋಕ್ಲಿನವರೇ, ತಾತ ಹೇಗೆ ತೀರಿಕೊಂಡರು? ಅಪ್ಪನ ಅಪ್ಪ.

ನಾಪೋಕ್ಲಿನ ಸದಸ್ಯೆ: ಹೊಟ್ಟೆಯಲ್ಲಿ ಗಡ್ಡೆ ಅಂತಿದ್ದರು. ಆಗ 50 ಕೂಡ ಆಗಿರಲಿಲ್ಲವಂತೆ.

ಡಾಕ್ಟರ್: ಮುಲಾಮು ಹಚ್ಚುತ್ತಾ ಕೂತದ್ದು ಸಾಕು. ಮೂಲವ್ಯಾಧಿ ಇರಬಹುದು. ಅದಿದೆ ಅಂದ ಮಾತ್ರಕ್ಕೆ ಮೇಲೆ ಕರುಳಿನಲ್ಲಿ ಇನ್ನೇನೂ ಇಲ್ಲ ಅಂತ ಅಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ 40ಕ್ಕೆ, ಇಲ್ಲಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಶುರು ಮಾಡಬೇಕು. ಆ ಲೆಕ್ಕದಲ್ಲಿ ನಿಮಗೆ 36. ಆದರೆ ಅದು ತೊಂದರೆ ಇಲ್ಲದವರ ಲೆಕ್ಕ. ರಕ್ತ ಹೋಗಿ 8.9ಕ್ಕೆ ಇಳಿದವರು ಎರಡು ವರ್ಷ ಕಾಯುವ ಹಾಗಿಲ್ಲ. ಈ ವಾರವೇ ಬನ್ನಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ಹೇಳಿ, ಹಾಗಂತ ಕರುಳು ನೋಡದೆ ಬಿಡುವುದಿಲ್ಲ.

ಹಿಂದಿನ ದಿನ ಔಷಧಿ ನೀರು ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು, ಅದೇ ಕಷ್ಟ. ಪರೀಕ್ಷೆ ಅರ್ಧ ಗಂಟೆ, ಮಂಪರು ಕೊಡುತ್ತೇವೆ. ಕರುಳಿನ ಗೋಡೆಯಲ್ಲಿ ಸಣ್ಣ ಅಣಬೆ ಮೊಗ್ಗಿನಂಥ ಗಂಟು ಇದ್ದರೆ ಅಲ್ಲೇ ತೆಗೆಯಬಹುದು. ಅಂಥ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ.

ಕರುಳು, ಗರ್ಭಕೋಶ ಎರಡರ ಕ್ಯಾನ್ಸರ್ ಒಂದೇ ಮನೆತನದಲ್ಲಿ, ಅದೂ ಚಿಕ್ಕ ವಯಸ್ಸಿಗೆ ಬಂದರೆ ಲಿಂಚ್ ಸಿಂಡ್ರೋಮ್ ಅಂತ ಅನುಮಾನ ಬರುತ್ತೆ. ಜೀವಕೋಶದೊಳಗೆ ತಪ್ಪು ತಿದ್ದುವ ಜೀನ್ ಕೆಟ್ಟಿರುತ್ತೆ. ಅಪ್ಪನಿಗೆ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಜೀನ್ ಇದೆ ಅಂದರೆ ಕಾಯಿಲೆ ಬಂದೇ ಬಿಟ್ಟಿತು ಅಂತಲ್ಲ. ಒಂದೆರಡು ವರ್ಷಕ್ಕೊಮ್ಮೆ ಕರುಳು ನೋಡಿಸುತ್ತಾ ಇರಬೇಕು, ಗರ್ಭಕೋಶದ ಬಗ್ಗೆಯೂ ಎಚ್ಚರ ಬೇಕು. ಅಪ್ಪನ ಬಯಾಪ್ಸಿ ರಿಪೋರ್ಟ್, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದ ವರದಿ, ಹುಡುಕಿ. ಅದು ನನಗೆ ತುಂಬಾ ಮುಖ್ಯ.

ಸುಂಟಿಕೊಪ್ಪದವರೇ, ಬೆಳಿಗ್ಗೆ ಬೀಳುವ ಆ ಹಸಿರು ಉಂಡೆಗಳು ಕಲ್ಲಲ್ಲ. ನೀವು ಕುಡಿದ ಎಣ್ಣೆಯೇ ಸೋಪಿನ ಹಾಗೆ ಗಟ್ಟಿಯಾದದ್ದು. ನಿಜವಾದ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರುತ್ತೆ, ಜೀವಕ್ಕೂ ಅಪಾಯ. ಡಿಲೀಟ್ ಮಾಡಿ.

ಸಿದ್ದಾಪುರದ ಸದಸ್ಯ: ಮೇಡಂ, ಕಾಫಿ ಕುಡಿದರೆ ಎದೆ ಉರಿ, ಏನು ಮಾಡಲಿ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ವಿರಾಜಪೇಟೆಯ ಸದಸ್ಯೆ: ನಿನ್ನೆ ಕಕ್ಕಡ 18, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ ಮಾಡಿದ್ದೆವು. ಮೂತ್ರ ಕೆಂಪಗೆ ಹೋಗುತ್ತಿದೆ.

ಡಾಕ್ಟರ್: ಸೊಪ್ಪಿನ ಬಣ್ಣ. ಒಂದೆರಡು ದಿನದಲ್ಲಿ ಸರಿಹೋಗುತ್ತೆ. ಮಲದಲ್ಲಿ ರಕ್ತ ಕಂಡರೆ, ಡಾಂಬರಿನ ಹಾಗೆ ಕಪ್ಪಗೆ ಹೋದರೆ ಮಾತ್ರ ಸೊಪ್ಪಿನ ಮೇಲೆ ಹಾಕಿ ಸುಮ್ನೆ ಕೂರಬೇಡಿ.

ಪೊನ್ನಂಪೇಟೆಯ ಸದಸ್ಯ: ಕಕ್ಕಡ 18ರಂದು ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತೆ. ನಾಪೋಕ್ಲಿನ ಅಕ್ಕ ಅದನ್ನೇ ಒಂದು ತಿಂಗಳು ಕುಡಿಯಲಿ. ಸ್ಕೋಪು ಗೀಪು ಎಲ್ಲ ದುಡ್ಡಿಗೆ.

ವಿರಾಜಪೇಟೆಯ ಸದಸ್ಯೆ: ಅಣ್ಣಾ, ಅವರ ಅಪ್ಪನೂ ವರ್ಷ ವರ್ಷ ತಿಂದವರೇ ಅಲ್ವಾ?

ಸೋಮವಾರಪೇಟೆಯ ಸದಸ್ಯ: ಪಂದಿ ಕರಿ, ಆ ಹಂದಿ ಸಾರು, ಬಿಟ್ಟರೆ ಅರ್ಧ ಕಾಯಿಲೆ ಹೋಗುತ್ತೆ.

ಪೊನ್ನಂಪೇಟೆಯ ಸದಸ್ಯ: ನಮ್ಮ ಊಟದ ವಿಷಯಕ್ಕೆ ಬರಬೇಡಿ. ನಮ್ಮ ತಾತ ತೊಂಬತ್ತರವರೆಗೂ ಪಂದಿ ಕರಿ ತಿಂದೇ ಬದುಕಿದವರು.

ಸೋಮವಾರಪೇಟೆಯ ಸದಸ್ಯ: ನಿಮ್ಮ ತಾತನ ಕಥೆ ಯಾರು ಕೇಳಿದರು?

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಉಪ್ಪು ಹಾಕಿ, ಹೊಗೆಯಲ್ಲಿ ಒಣಗಿಸಿ ಇಡುವ ಮಾಂಸದಿಂದ ಕರುಳಿನ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ಅದನ್ನು ಕಡಿಮೆ ಮಾಡಿ. ಆದರೆ ಒಂದೇ ಮನೆಯಲ್ಲಿ ಮೂವರಿಗೆ ಹೀಗಾದದ್ದಕ್ಕೆ ಕರಿಯನ್ನು ದೂರಿ ಪ್ರಯೋಜನವಿಲ್ಲ. ರಕ್ತ ಹೋಗುತ್ತಿರುವವರಿಗೆ ಒಂದು ತಿಂಗಳು ಸೊಪ್ಪು ಕುಡಿಯಿರಿ ಅಂತ ಇನ್ನೊಮ್ಮೆ ಬರೆದರೆ ನಾನು ಗ್ರೂಪಿನಲ್ಲಿ ಇರುವುದಿಲ್ಲ.

ಗೋಣಿಕೊಪ್ಪದ ಸದಸ್ಯ: ಗ್ಯಾಸ್ ಮಾತ್ರೆ ದಿನಾ ತಗೋಬಹುದಾ?

ನಾಪೋಕ್ಲಿನ ಸದಸ್ಯೆ: ಮೇಡಂ, ಅಮ್ಮ ಟ್ರಂಕಿನಿಂದ ಅಪ್ಪನ ಫೈಲ್ ತೆಗೆದರು. ಸೀರೆಯಲ್ಲಿ ಸುತ್ತಿಟ್ಟಿದ್ದರು. ಬಯಾಪ್ಸಿ ಕಾಗದ ಇದೆ, ಅಂಚು ಗೆದ್ದಲು ತಿಂದಿದೆ.

ಡಾಕ್ಟರ್: ಓದಲು ಬಂದರೆ ಸಾಕು. ಗುರುವಾರ ತನ್ನಿ. ಒಡಹುಟ್ಟಿದವರು ಇದ್ದಾರಾ?

ನಾಪೋಕ್ಲಿನ ಸದಸ್ಯೆ: ತಮ್ಮ ಇದ್ದಾನೆ, 31. ಅವನಿಗೆ ಏನೂ ತೊಂದರೆ ಇಲ್ಲ.

ಡಾಕ್ಟರ್: ಅವನನ್ನೂ ಕರ್ಕೊಂಡು ಬನ್ನಿ.

ಕುಶಾಲನಗರದ ಸದಸ್ಯೆ: ಮೇಡಂ, ಮಗಳ ಪ್ರಶ್ನೆ ಆಗಲೇ ಹಾಕಿದ್ದೆ. ಯಾರೂ ನೋಡಲಿಲ್ಲ.